ಬಿಳಿ ಐದಕ್ಕೂ ಕರಿ ನಾಲ್ಕಕ್ಕೂ ನಡುವಿನ ಡಬ್ಬಿ

ನಾನು ಅತುಲ, ಧಾರವಾಡದ ಮಾಳಮಡ್ಡಿಯವನು. ಹಗಲು ನವನಗರದ ಒಂದು ಕಚೇರಿಯಲ್ಲಿ ಕಾರಕೂನ, ಸಂಜೆ ಹುಬ್ಬಳ್ಳಿಯ ಶಬನಮ್ ಮೆಲೋಡೀಸ್ ಎಂಬ ಆರ್ಕೆಸ್ಟ್ರಾದಲ್ಲಿ ಗಿಟಾರ್ ವಾದಕ. ಈ ಎರಡರಲ್ಲಿ ಯಾವುದನ್ನು ನಾನು ಹೆಚ್ಚು ಕೆಟ್ಟದಾಗಿ ಮಾಡುತ್ತೇನೆ ಎಂಬ ಬಗ್ಗೆ ನಮ್ಮ ಹೆಡ್ ಕ್ಲಾರ್ಕಿಗೂ ನನ್ನ ಹೆಂಡತಿ ಋತುಜಾಗೂ ಮೊದಲಿನಿಂದ ಭಿನ್ನಾಭಿಪ್ರಾಯವಿದೆ.

ಮನೆತನ ಮಾತ್ರ ಸಂಗೀತದ್ದು. ತೀರಿಹೋದ ಅಪ್ಪ ಪಂಢರಿನಾಥ ಸ್ವತಃ ಹಾಡುತ್ತಿರಲಿಲ್ಲ, ಆದರೆ ಯಾರು ಹಾಡಿದರೂ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗುವುದನ್ನು ಒಂದು ನೌಕರಿಯಂತೆ ನಿಷ್ಠೆಯಿಂದ ಮಾಡುತ್ತಿದ್ದರು. ತಾಯಿ ಸುಲಭಾ, ನಾವು ಕರೆಯುವುದು ಆಯಿ ಎಂದು, ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತಳಾದವಳು. ನಮ್ಮ ಕಡೆ ಶಿಕ್ಷಕಿಯರನ್ನು ‘ಬಾಯಾರು’ ಎನ್ನುತ್ತಾರೆ. ಇಂದಿಗೂ ಆಯಿಯ ಜೊತೆ ದುರ್ಗದಬೈಲಿನ ಮಾರುಕಟ್ಟೆಗೆ ಹೋದರೆ ತಲೆ ನರೆತ ಗಂಡಸರು ತಕ್ಕಡಿ ಕೆಳಗಿಟ್ಟು ‘ಬಾಯಾರ, ನಮಸ್ಕಾರ್ರಿ’ ಎಂದು ಎದ್ದು ನಿಲ್ಲುತ್ತಾರೆ. ಪಕ್ಕದಲ್ಲಿ ಚೀಲ ಹಿಡಿದುಕೊಂಡು ನಿಂತ ನನ್ನನ್ನು ಯಾರೂ ಗುರುತಿಸುವುದಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದವನ ಕಿವಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಎಲ್ಲಿಯಾದರೂ ಒಂದೇ ಸಮನೆ ಮೊರೆಯುವ ದನಿ ಕೇಳಿದರೆ ಸಾಕು, ಕಿವಿ ಅದನ್ನೇ ‘ಸಾ’ ಎಂದು ಹಿಡಿದುಬಿಡುತ್ತದೆ. ಆಯಿ ಹಿಟ್ಟಿನ ಗಿರಣಿಯ ಮುಂದೆ ಪಾಳಿ ಹಚ್ಚಿ ನಿಂತರೆ ಗಿರಣಿಯ ಶ್ರುತಿಗೆ ಗುನುಗುತ್ತಾಳೆ. ಮಾತಾಡುತ್ತಾ ಕುಳಿತಾಗ ಫ್ಯಾನ್ ವೇಗ ಬದಲಾದರೆ ನಮ್ಮ ಮನೆಯಲ್ಲಿ ಹಾಡಿನ ಶ್ರುತಿಯೂ ಬದಲಾಗುತ್ತದೆ. ಇದು ಹೆಮ್ಮೆಯ ವಿಷಯವೆಂದು ನಾನು ಬಹಳ ವರ್ಷ ತಿಳಿದಿದ್ದೆ. ಗಿಟಾರಿನ ತಂತಿಗಳನ್ನು ಸರಿ ಮಾಡಿಕೊಳ್ಳಲು ಬೇರೆಯವರು ಬ್ಯಾಟರಿ ಹಾಕಿದ ಯಂತ್ರ ನೋಡುತ್ತಾರೆ, ಇಲ್ಲವೇ ಪಕ್ಕದ ಹಾರ್ಮೋನಿಯಂನವನನ್ನು ‘ಒಂದು ಸಾ ಕೊಡಿ’ ಎಂದು ಕೇಳುತ್ತಾರೆ. ನಾನು ಕೇಳುತ್ತಿರಲಿಲ್ಲ. ಧಾರವಾಡದವನು ಹುಬ್ಬಳ್ಳಿಗೆ ಹೋಗಿ ಸಾ ಬೇಡುವುದೇ? ಕಣ್ಣು ಮುಚ್ಚಿ, ತಲೆ ಸ್ವಲ್ಪ ಓರೆ ಮಾಡಿ, ದೊಡ್ಡ ಉಸ್ತಾದರಂತೆ ಕಿವಿಯಿಂದಲೇ ತಂತಿ ತಿರುವುತ್ತಿದ್ದೆ. ಅಷ್ಟು ಹೊತ್ತೂ ಪಕ್ಕದಲ್ಲಿ ಬಂದೇನವಾಜನ ಹಾರ್ಮೋನಿಯಂ ಮೊರೆಯುತ್ತಿರುತ್ತಿತ್ತು. ನಾನು ಸಾ ಬೇಡುತ್ತಿರಲಿಲ್ಲ, ಕದಿಯುತ್ತಿದ್ದೆ ಎಂಬುದು ಆಗ ಹೊಳೆದಿರಲಿಲ್ಲ.

ಬಂದೇನವಾಜ ಆರ್ಕೆಸ್ಟ್ರಾದ ಮಾಲಕ. ಹುಬ್ಬಳ್ಳಿಯಲ್ಲಿ ಅವನದೊಂದು ಕ್ಯಾಸೆಟ್ ಅಂಗಡಿ. ನನಗಿಂತ ಐದಾರು ವರ್ಷ ಹಿರಿಯ. ಆದರೂ ನನಗೆ ‘ಸಾಹೇಬ್ರ’ ಎನ್ನುತ್ತಿದ್ದ. ತೊಂಬತ್ತೊಂದರ ಸುಮಾರಿಗೆ ಅವನ ತಂಡ ಸೇರಿದಾಗಿನಿಂದ, ಕಂಡಾಗಲೆಲ್ಲ ಅವನ ಮೊದಲ ಮಾತು ಒಂದೇ: ಬಾಯಾರು ಆರಾಮ ಇದ್ದಾರಾ? ನಾನು ಆರಾಮ ಎನ್ನುತ್ತಿದ್ದೆ. ಊರಿನ ಎಲ್ಲರೂ ಕೇಳುವಂತೆ ಅವನೂ ಕೇಳುತ್ತಾನೆ ಎಂದುಕೊಂಡಿದ್ದೆ. ಅವನಷ್ಟು ಮರ್ಯಾದೆಯ ಮನುಷ್ಯ ಮತ್ತೊಬ್ಬನಿಲ್ಲ. ಡ್ರಮ್ ಬಾರಿಸುವವನು ತಾಳ ತಪ್ಪಿದರೆ ‘ಇವತ್ತ ನಿಮ್ಮ ಕೈ ಭಾಳ ಖುಷಿಯಾಗೈತಿ’ ಎನ್ನುವ ಗಿರಾಕಿ.

ಸಿನಿಮಾ ಹಾಡಿನ ಗಿಟಾರ್ ಉದ್ದಕ್ಕೂ ಒಂದೇ ದನಿಯಲ್ಲಿ ಇರುವುದಿಲ್ಲ. ಪಲ್ಲವಿಯಲ್ಲಿ ಸಾಧುವಾಗಿದ್ದದ್ದು ನಡುವೆ ಒಮ್ಮೆಲೇ ಗುಡುಗುತ್ತದೆ, ಚರಣಕ್ಕೆ ಬಂದಾಗ ಬಾವಿಯೊಳಗಿನಿಂದ ಮಾತಾಡಿದಂತೆ ಪ್ರತಿಧ್ವನಿಸುತ್ತದೆ. ಇದಕ್ಕೆ ಕಾಲಿನಿಂದ ಒತ್ತುವ ಸಣ್ಣ ಪೆಟ್ಟಿಗೆಗಳಿವೆ, ಪೆಡಲ್ ಎನ್ನುತ್ತಾರೆ. ನನ್ನ ಬಳಿ ಮೂರಿದ್ದವು. ಒಂದು ಗುಡುಗುವುದು, ಒಂದು ಪ್ರತಿಧ್ವನಿಸುವುದು, ಒಂದು ಅಲೆಯಂತೆ ನಡುಗುವುದು. ಕಷ್ಟವೆಂದರೆ ಮೂರನ್ನೂ ಒಂದೇ ಕ್ಷಣಕ್ಕೆ ಒತ್ತಬೇಕಾದ ಜಾಗಗಳು ಬರುತ್ತವೆ, ದೇವರು ಕೊಟ್ಟದ್ದು ಎರಡು ಕಾಲು. ನಾನು ಕುಪ್ಪಳಿಸಿ, ತಿರುಗಿ, ಹಿಮ್ಮಡಿಯಿಂದ ಒಂದನ್ನು ಬೆರಳಿನಿಂದ ಇನ್ನೊಂದನ್ನು ಒತ್ತಿ, ಮೂರನೆಯದಕ್ಕೆ ಹೋಗುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತಿತ್ತು. ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯ ಹಿರಿಯರೊಬ್ಬರು ವೇದಿಕೆ ಹತ್ತಿ ಬಂದು, ಗಿಟಾರೇನೋ ಅಷ್ಟಕ್ಕಷ್ಟೆ, ಆದರೆ ಹುಡುಗ ಕುಣಿಯುವುದು ಬಹಳ ಚೆನ್ನ ಎಂದು ಬಂದೇನವಾಜನಿಗೆ ಹೇಳಿ ಹೋದರು. ಅವನು ಮರ್ಯಾದೆಯಿಂದ ಕೈ ಮುಗಿದ.

ಎರಡು ಸಾವಿರದ ಒಂದರಲ್ಲಿ ನಮ್ಮಲ್ಲಿ ಹೆಜ್ಜೆಗೊಂದು ಸೈಬರ್ ಕೆಫೆ ಆಯಿತು. ಅಲ್ಲಿ ಕುಳಿತು ಹುಡುಕಿದಾಗ ನನ್ನ ರೋಗಕ್ಕೆ ಮದ್ದು ಸಿಕ್ಕಿತು: ಲೂಪ್ ಸ್ವಿಚರ್ ಎಂಬ ಪೆಟ್ಟಿಗೆ, ಮನೆಯಲ್ಲೇ ಕಟ್ಟಿಕೊಳ್ಳಬಹುದು. ಗಿಟಾರಿನ ದನಿ ನೇರ ಹೆದ್ದಾರಿ ಹಿಡಿದು ಆಂಪ್ಲಿಫೈಯರಿಗೆ ಹೋಗಬೇಕೋ, ಇಲ್ಲ ಪೆಡಲ್‌ಗಳ ಓಣಿಯಲ್ಲಿ ಒಂದು ಸುತ್ತು ಹಾಕಿ ಹೋಗಬೇಕೋ ಎಂಬುದನ್ನು ಅದರ ಒಂದೊಂದು ಗುಂಡಿ ನಿರ್ಧರಿಸುತ್ತದೆ. ಪೆಡಲ್‌ಗಳನ್ನು ಮೊದಲೇ ಹಚ್ಚಿಟ್ಟು ಒಂದು ಗುಂಡಿ ಒತ್ತಿದರೆ ಮುಗಿಯಿತು. ಕುಣಿಯುವ ಪ್ರಸಂಗವಿಲ್ಲ. ನಕ್ಷೆಯ ಜೊತೆ ಎಚ್ಚರಿಕೆಯ ಮಾತುಗಳೂ ಬಹಳ ಇದ್ದವು. ನಾನು ಓದಿ ನೆನಪಿಟ್ಟುಕೊಂಡದ್ದು ಒಂದೇ, ಪೆಟ್ಟಿಗೆ ಪುಟ್ಟದಾಗಿದ್ದಷ್ಟೂ ಒಳ್ಳೆಯದು.

ಪುಟ್ಟದೆಂದರೆ ಎಷ್ಟು ಪುಟ್ಟದು ಎಂದು ಯೋಚಿಸುತ್ತಿದ್ದಾಗ ಎದುರಿಗಿದ್ದದ್ದು ನನ್ನ ಊಟದ ಡಬ್ಬಿ. ಉದ್ದನೆಯ ಸ್ಟೀಲ್ ಡಬ್ಬಿ, ಒಳಗೆ ಪಲ್ಯಕ್ಕೊಂದು ಖಾನೆ, ಶೇಂಗಾ ಚಟ್ನಿಗೊಂದು ಸಣ್ಣ ಖಾನೆ. ಮುಚ್ಚಳಕ್ಕೆ ತೂತು ಕೊರೆದು ಗುಂಡಿ ಕೂರಿಸಿದೆ. ಬೆಸುಗೆಯ ಕಡ್ಡಿಯಿಂದ ತಂತಿಗಳಿಗಿಂತ ಹೆಚ್ಚು ನನ್ನ ಬೆರಳನ್ನೇ ಬೆಸೆದೆ. ಪೆಡಲ್‌ಗಳಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರನ್ನು ಹೊರಗಿಡಬೇಕಿತ್ತು. ಆದರೆ ಹೊರಗಿಟ್ಟರೆ ಪುಟ್ಟದಾಗುವುದು ಹೇಗೆ? ನೋಡಿದರೆ ಅದು ಚಟ್ನಿಯ ಖಾನೆಯಲ್ಲಿ ಹೇಳಿ ಮಾಡಿಸಿದಂತೆ ಕುಳಿತುಕೊಂಡಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ. ಅಂದಿನಿಂದ ಋತುಜಾ ನನ್ನ ಊಟವನ್ನು ಬಟ್ಟೆಯಲ್ಲಿ ಕಟ್ಟಿ ಕೊಡತೊಡಗಿದಳು. ಕಚೇರಿಯಲ್ಲಿ ನಾನು ಹೊಲಕ್ಕೆ ಹೋದವನಂತೆ ಗಂಟು ಬಿಚ್ಚಿ ರೊಟ್ಟಿ ತಿನ್ನುತ್ತಿದ್ದೆ.

ಡಬ್ಬಿ ಕೆಲಸ ಮಾಡಿತು. ಗುಂಡಿ ಒತ್ತಿದರೆ ಗುಡುಗು, ಮತ್ತೊಮ್ಮೆ ಒತ್ತಿದರೆ ಸಾಧು. ಜೊತೆಗೆ, ಏನೂ ಒತ್ತದಿದ್ದಾಗಲೂ ‘ಗುಂಯ್’ ಎಂದು ಒಂದೇ ಸಮನೆ ಮೊರೆಯಿತು. ಹೊಸ ಯಂತ್ರ, ಪಳಗಿದ ಮೇಲೆ ಸರಿಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟರಲ್ಲಿ ಮಹಾನವಮಿ ಬಂತು. ಖಂಡೇಪೂಜೆಯ ದಿನ ಆಯಿ ಮನೆಯ ಕತ್ತರಿ, ಈಳಿಗೆ, ನನ್ನ ಸ್ಕೂಟರ್ ಜೊತೆಗೆ ಡಬ್ಬಿಯನ್ನೂ ಮಣೆಯ ಮೇಲೆ ಇಟ್ಟು, ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದ ನೀರನ್ನು ಧಾರಾಳವಾಗಿ ಚಿಮುಕಿಸಿದಳು. ವೈರು ಚುಚ್ಚುವ ತೂತುಗಳಲ್ಲಿ ಕುಂಕುಮ ಇಳಿದು, ಗುಂಯ್ ಜೊತೆಗೆ ಈಗ ಒಗ್ಗರಣೆ ಸಿಡಿದಂತೆ ಚಟಪಟವೂ ಶುರುವಾಯಿತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಚಟಪಟವನ್ನು ಕಳೆದೆ. ಗುಂಯ್ ಹಾಗೇ ಉಳಿಯಿತು.

ಅದೇ ವಾರ ಡಬ್ಬಿಯನ್ನು ಮೊದಲ ಸಲ ಹುಬ್ಬಳ್ಳಿಯ ವೇದಿಕೆಗೆ ಒಯ್ದೆ. ತಂಡದವರು ಸುತ್ತ ನಿಂತು ನೋಡಿದರು. ತಂಡದ ಗಾಯಕಿ, ಇಂದು ಎಂಬವಳು, ಮುಚ್ಚಳಕ್ಕೆ ಮೂಗು ಹಚ್ಚಿ, ಇದರಿಂದ ಶೇಂಗಾ ಚಟ್ನಿಯ ವಾಸನೆ ಬರುತ್ತಿದೆಯಲ್ಲ ಎಂದಳು. ಬಿಸಿಯಾದಾಗ ಬರುವುದು ನಿಜವೇ ಆಗಿತ್ತು. ಬಂದೇನವಾಜ ಮಾತ್ರ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, ಪ್ಯಾಟಿಯಲ್ಲಿ ಸಿಗುವುದೆಲ್ಲ ಫಾರಿನ್ನು, ಇದು ಅಪ್ಪಟ ಜವಾರಿ ಎಂದ. ನಮ್ಮಲ್ಲಿ ಜವಾರಿ ಎಂದರೆ ಊರ ತಳಿಯದು, ಜವಾರಿ ಸೌತೆಕಾಯಿಯಂತೆ. ತಂಬೂರಿಯ ತಂತಿಯ ಕೆಳಗೆ ನೂಲಿನ ಎಳೆ ಸೇರಿಸಿ ಬರಿಸುವ ಝೇಂಕಾರಕ್ಕೂ ಜವಾರಿ ಎಂದೇ ಹೆಸರು. ಅವನು ಯಾವ ಅರ್ಥದಲ್ಲಿ ಅಂದನೋ, ನಾನು ಎರಡೂ ಅರ್ಥದಲ್ಲಿ ಹೊಗಳಿಕೆ ಎಂದೇ ತೆಗೆದುಕೊಂಡೆ.

ದೀಪಾವಳಿಯ ಹೊತ್ತಿಗೆ ಹೊಗಳಿಕೆ ನಿಂತಿತು. ಬಂದೇನವಾಜ ಹಾರ್ಮೋನಿಯಂ ಬಿಟ್ಟು ಹೊಸ ಕೀಬೋರ್ಡ್ ತಂದಿದ್ದ. ಅದರಲ್ಲಿ ಕೊಳಲು, ಶಹನಾಯಿ, ಪಿಟೀಲು ಎಲ್ಲ ಇದ್ದವು. ಒಂದು ಕಾರ್ಯಕ್ರಮ ಮುಗಿದ ಮೇಲೆ ಅದನ್ನು ಎತ್ತಿಕೊಂಡೇ ವೈರು ಸುತ್ತುತ್ತಿದ್ದ ನನ್ನ ಬಳಿ ಬಂದು, ಪಕ್ಕದಲ್ಲಿಟ್ಟು ಕುಕ್ಕರಗಾಲಿನಲ್ಲಿ ಕುಳಿತ. ಬಾಯಾರ ಆರೋಗ್ಯ ಕೇಳಿದ. ನನ್ನ ಸ್ಕೂಟರಿನ ಆರೋಗ್ಯವನ್ನೂ ಕೇಳಿದ. ಆಮೇಲೆ ನೆಲ ನೋಡುತ್ತಾ ಹೇಳಿದ.

“ಸಾಹೇಬ್ರ, ನಿಮ್ಮ ಆವಾಜ ಒಂದೀಟ ನೋಡಕೋರ್ರಿ. ಬರೋ ವರ್ಷದ ಗಣಪತಿ ಹಬ್ಬದ ಮಟಾ ದಾರಿ ನೋಡತೇನಿ. ಅಷ್ಟರಾಗ ಸರಿ ಆಗಲಿಲ್ಲಂದ್ರ, ಇದರಾಗೂ ಗಿಟಾರ ಐತ್ರಿ.”

ಅವನ ಬೆರಳು ಕೀಬೋರ್ಡಿನ ಒಂದು ಗುಂಡಿಯ ಮೇಲಿತ್ತು.

ಕಚೇರಿಯಲ್ಲಿ ನಾನು ಯಾರೂ ಅಲ್ಲ, ಮನೆಯಲ್ಲಿ ಬಾಯಾರ ಮಗ. ವೇದಿಕೆಯ ಎಡಬದಿಯ ಆ ಕಬ್ಬಿಣದ ಕುರ್ಚಿಯ ಮೇಲೆ ಮಾತ್ರ ನಾನು ಅತುಲ. ಹತ್ತು ವರ್ಷ ಕುಳಿತ ಕುರ್ಚಿಯನ್ನು ಒಂದು ಗುಂಡಿ ನುಂಗುವುದೇ? ಏನಾದರಾಗಲಿ, ಗಣಪತಿಯೊಳಗೆ ಡಬ್ಬಿಯ ಈ ಆವಾಜನ್ನು ಅಡಗಿಸಿಯೇ ತೀರುತ್ತೇನೆ ಎಂದು ಧಾರವಾಡದ ಬಸ್ಸಿನಲ್ಲಿ ನಿಂತುಕೊಂಡೇ ಪಣ ತೊಟ್ಟೆ. ಡಬ್ಬಿ ತೊಡೆಯ ಹತ್ತಿರ ಇನ್ನೂ ಬೆಚ್ಚಗಿತ್ತು.

ಸದ್ದಿಗೆಲ್ಲ ಕಾರಣ ಅರ್ಥಿಂಗ್ ಸರಿಯಿಲ್ಲದಿರುವುದು ಎಂದು ಎಲ್ಲೋ ಕೇಳಿದ್ದೆ. ನಮ್ಮದು ಹಳೆಯ ಮನೆ. ಮನೆಯ ಅರ್ಥಿಂಗನ್ನು ನಂಬುವುದಕ್ಕಿಂತ ನನ್ನದೇ ಒಂದು ಇರಲಿ ಎಂದು ಹಿತ್ತಲಲ್ಲಿ ಗುಂಡಿ ತೋಡಿದೆ. ತಾಮ್ರದ ತಗಡು ಹುಗಿದು, ಸುತ್ತ ಇದ್ದಿಲು, ಉಪ್ಪು ತುಂಬಿ, ಡಬ್ಬಿಯಿಂದ ಕಿಟಕಿಯ ಮೂಲಕ ಒಂದು ತಂತಿ ಎಳೆದು ತಂದೆ. ಇಂಥ ಗುಂಡಿ ಸದಾ ಹಸಿಯಾಗಿರಬೇಕು, ನೀರು ಹಾಕುತ್ತಿರಬೇಕು. ಯಾರು ನೆನಪಿಟ್ಟು ಹಾಕುತ್ತಾರೆ? ಅದಕ್ಕೂ ಉಪಾಯ ಹೊಳೆಯಿತು. ಆಯಿ ಸ್ನಾನ ಮಾಡಿ ಬಂದು ತಪ್ಪದೆ ನೀರು ಹಾಕುವ ಜಾಗ ಮನೆಯಲ್ಲಿ ಒಂದೇ ಒಂದು ಇದೆ. ಗುಂಡಿಯನ್ನು ತುಳಸಿಕಟ್ಟೆಗೆ ಹತ್ತಿಯೇ ತೋಡಿದ್ದೆ.

ಗುಂಯ್ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಮನೆಯದೊಂದು ಅರ್ಥಿಂಗ್, ನನ್ನದೊಂದು ಅರ್ಥಿಂಗ್, ಎರಡೂ ಡಬ್ಬಿಯೊಳಗೆ ಕೈ ಕೈ ಹಿಡಿದು ಸುತ್ತು ಬರುತ್ತಿದ್ದವು ಎಂಬುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಬೇಗ ತಿಳಿದದ್ದು ತುಳಸಿಗೆ. ಉಪ್ಪುನೀರು ಬೇರಿಗಿಳಿದು, ತುಳಸಿ ಲಗ್ನಕ್ಕೆ ಸರಿಯಾಗಿ ಗಿಡ ಎಲೆ ಉದುರಿಸಿ ಕಡ್ಡಿಯಾಗಿ ನಿಂತಿತು. ಆ ವರ್ಷ ಪಕ್ಕದ ಮನೆಯಿಂದ ಕುಂಡದ ತುಳಸಿಯನ್ನು ಎರವಲು ತಂದು ಕೃಷ್ಣನಿಗೆ ಲಗ್ನ ಮಾಡಿದೆವು. ದೇವರಿಗೆ ಎರವಿನ ಹೆಣ್ಣು ತಂದ ಮನೆತನ ಎಂದು ಆಯಿ ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಳು. ಅವಳ ಸಿಟ್ಟು ನ್ಯಾಯವಾದದ್ದು, ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಆ ತಂತಿಯನ್ನು ಕಿತ್ತು ಹಾಕಲಿಲ್ಲ. ಅಷ್ಟು ಕಷ್ಟಪಟ್ಟು ತೋಡಿದ್ದನ್ನು ಬಿಡಲು ಮನಸ್ಸು ಬರಬೇಕಲ್ಲ.

ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು. ವೈರು ಬದಲಿಸಿದೆ, ಮುಚ್ಚಳದ ಗುಂಡಿ ಬದಲಿಸಿದೆ, ಬೆಸುಗೆಯನ್ನೆಲ್ಲ ಬಿಚ್ಚಿ ಮತ್ತೆ ಹಾಕಿದೆ. ತಲೆ ಕೆಟ್ಟು ಮೊಸರಾಯಿತು. ಇದರ ಮಧ್ಯೆ ಇನ್ನೊಂದು ಕಾಟ. ಆಯಿಗೆ ಕೀಲುನೋವು ಬಂದು ಬೆರಳು ಮಡಿಚಿಕೊಂಡಾಗಿನಿಂದ ಅವಳ ತಂಬೂರಿ ಗವಸು ಹೊದ್ದು ಗೋಡೆಗೆ ಒರಗಿತ್ತು, ಹಾಡುವುದೂ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಈಗ ನೋಡಿದರೆ, ನಾನು ಸಂಜೆ ಕಚೇರಿಯಿಂದ ಬಂದು ಡಬ್ಬಿ ಹಚ್ಚಿದ್ದೇ ತಡ, ಒಳಕೋಣೆಯಿಂದ ಅವಳ ಹಾಡು ಶುರುವಾಗುತ್ತಿತ್ತು. ನನ್ನ ಸದ್ದನ್ನು ಸಹಿಸಲಾರದೆ, ಅದನ್ನು ಮುಚ್ಚಿಹಾಕಲು ಹಾಡುತ್ತಿದ್ದಾಳೆ ಎಂದು ನಾನು ತಿಳಿದೆ. ತುಳಸಿಯ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡು ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ಅವಳು ಎದ್ದು ಬಂದು ಮತ್ತೆ ತೆರೆಯುತ್ತಿದ್ದಳು.

ಜುಲೈ ತಿಂಗಳ ಒಂದು ರವಿವಾರ ನನ್ನ ಜೀವನದ ದೊಡ್ಡ ಗೆಲುವು ಸಂಭವಿಸಿತು. ಡಬ್ಬಿಯ ಮೂಲೆಯ ಒಂದು ಸ್ಕ್ರೂ ಸಡಿಲವಾಗಿತ್ತು. ಬಿಗಿಮಾಡಿದೆ. ಕೊನೆಯ ಸುತ್ತು ತಿರುಗಿದ್ದೇ ತಡ, ಗುಂಯ್ ನಿಂತುಹೋಯಿತು. ಪೂರಾ ನಿಂತಿತು. ಕಿವಿಯಲ್ಲಿ ತಂಪು ಸುರಿದಂತಾಯಿತು. ಹೊಸ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಅಡುಗೆಮನೆಗೆ ನುಗ್ಗಿ, ಮೂಲ ಸಿಕ್ಕಿತು, ಇಡೀ ಸದ್ದು ಒಂದು ಸ್ಕ್ರೂವಿನಲ್ಲಿತ್ತು ಎಂದು ಋತುಜಾಗೆ ಸವಿಸ್ತಾರವಾಗಿ ವಿವರಿಸಿದೆ. ಅವಳು ಕೊಬ್ಬರಿ ಹಾಕಿದ ಮಿಕ್ಸರಿನ ಮುಂದೆ ಸುಮ್ಮನೆ ನಿಂತು, ನಾನು ಮುಗಿಸುವವರೆಗೂ ಕೇಳಿದಳು.

“ಮಿಕ್ಸರೂ ಸುಮ್ಮನಾಗ್ಯದ್ರಿ,” ಎಂದಳು. “ಅದನ್ನೂ ನೀವ ರಿಪೇರಿ ಮಾಡಿದ್ರೇನು?”

ಕರೆಂಟು ಹೋಗಿತ್ತು.

ಆ ದಿನ ನನ್ನ ಮೋರೆ ನೋಡಿ ಋತುಜಾ ನಕ್ಕ ನಗು ಸಂಜೆಯವರೆಗೂ ನಿಲ್ಲಲಿಲ್ಲ. ಆದರೆ ಅವಮಾನವೂ ಕೆಲವು ಸಲ ಉಪಕಾರಕ್ಕೆ ಬರುತ್ತದೆ. ಕರೆಂಟು ಬಂದ ಕೂಡಲೇ ಮಿಕ್ಸರ್ ಗುರ್ರೆಂದಿತು, ಡಬ್ಬಿ ಗುಂಯ್ ಎಂದಿತು. ಹಾಗಾದರೆ ಡಬ್ಬಿಯೊಳಗೆ ಕರೆಂಟು ಎಲ್ಲಿ ಕೂತಿದೆ ಎಂದು ನನ್ನ ಮೊಸರಾದ ತಲೆ ಮೊದಲ ಬಾರಿಗೆ ಸರಿಯಾದ ಪ್ರಶ್ನೆ ಕೇಳಿತು. ಚಟ್ನಿಯ ಖಾನೆಯಲ್ಲಿ. ಅದಕ್ಕೆ ಅಂಟಿಕೊಂಡೇ ಗಿಟಾರಿನ ದನಿ ಹೋಗುವ ತಂತಿಗಳೆಲ್ಲ ಹಾದುಹೋಗಿದ್ದವು. ಟ್ರಾನ್ಸ್‌ಫಾರ್ಮರ್ ಮೊರೆಯುವುದನ್ನು ಅವು ಪಕ್ಕದಲ್ಲೇ ಕುಳಿತು ಕೇಳಿಸಿಕೊಂಡು ಆಂಪ್ಲಿಫೈಯರಿಗೆ ಚಾಡಿ ಹೇಳುತ್ತಿದ್ದವು. ಟ್ರಾನ್ಸ್‌ಫಾರ್ಮರನ್ನು ಕಿತ್ತು, ಬೇರೆ ಡಬ್ಬಿಯಲ್ಲಿ ಹಾಕಿ, ಉದ್ದ ವೈರಿನಿಂದ ದೂರ ಇಟ್ಟೆ. ಮುಕ್ಕಾಲು ಸದ್ದು ಹೋಯಿತು. ಉಳಿದ ಕಾಲು ಭಾಗಕ್ಕೆ ಬೇರೆ ಕಾರಣ ಉಳಿದಿರಲಿಲ್ಲ. ಕಿಟಕಿಯಿಂದ ಬಂದ ತುಳಸಿಕಟ್ಟೆಯ ತಂತಿಯನ್ನು ಮನಸ್ಸಿಲ್ಲದ ಮನಸ್ಸಿನಿಂದ ಕತ್ತರಿಸಿದೆ.

ನಿಶ್ಶಬ್ದ. ಈ ಸಲ ಫ್ಯಾನು ತಿರುಗುತ್ತಿದೆಯೇ ಎಂದು ಮೊದಲು ನೋಡಿದೆ. ತಿರುಗುತ್ತಿತ್ತು. ಕರೆಂಟು ಇತ್ತು, ಸದ್ದು ಇರಲಿಲ್ಲ.

ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಹೊಸ ತಂತಿ ಹಾಕಿ, ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಅದರ ಬಿರಡೆ ತಿರುವಿದೆ. ಸ್ವಲ್ಪ ಏರಿತು. ಇಳಿಸಿದೆ. ಹೆಚ್ಚು ಇಳಿಯಿತು. ಮತ್ತೆ ಏರಿಸಿದೆ. ಎಲ್ಲಿ ನಿಲ್ಲಬೇಕು ಎಂಬುದೇ ತಿಳಿಯದಾಯಿತು. ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಂತೆ ಬೆರಳು ಹೋಗಿ ಹೋಗಿ ಬರುತ್ತಿತ್ತು. ಅರ್ಧ ತಾಸು ಹೀಗೆ ಕುಂಯ್‌ಗುಟ್ಟಿಸಿದ ಮೇಲೆ ಆಯಿ ಜೋಳ ಹಸನು ಮಾಡುತ್ತಿದ್ದ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

“ಏನೋ ಅತುಲಾ, ಸಾ ಕಳಕೊಂಡಿ ಏನು? ಇಷ್ಟ ದಿನ ಆ ಡಬ್ಬಿಗೇ ಸೂರ ಹಚ್ಚತಿದ್ದಿ. ಇವತ್ತ ಅದು ಸುಮ್ಮನ ಕೂತದ, ನೀ ತಡಕ್ಯಾಡಲಿಕ್ಹತ್ತಿ.”

ಆಯಿ ನಿಧಾನವಾಗಿ, ದಡ್ಡ ವಿದ್ಯಾರ್ಥಿಗೆ ಹೇಳುವಂತೆ ವಿವರಿಸಿದಳು. ಹಾರ್ಮೋನಿಯಂನಲ್ಲಿ ಬಿಳಿ ಮನೆಗಳಿವೆ, ಕರಿ ಮನೆಗಳಿವೆ, ಹಾಡುವವರು ತಮ್ಮ ಸಾ ಯಾವುದೆಂದು ಬಿಳಿ ಒಂದು, ಕರಿ ಎರಡು ಎಂದು ಎಣಿಸಿ ಹೇಳುತ್ತಾರೆ. ಕರೆಂಟಿನ ಮೊರೆತಕ್ಕೆ ಈ ಎಣಿಕೆ ಯಾರು ಕಲಿಸಬೇಕು? ನನ್ನ ಡಬ್ಬಿಯ ಸಾ ಬಿಳಿ ಐದಕ್ಕಿಂತ ಮೇಲೆ ಹೋಗಿ, ಕರಿ ನಾಲ್ಕಕ್ಕೆ ಮುಟ್ಟದೆ, ಎರಡರ ನಡುವಿನ ಸಂದಿಯಲ್ಲಿ ಕುಳಿತಿತ್ತು. ಅಂಥ ಮನೆ ಯಾವ ಹಾರ್ಮೋನಿಯಂನಲ್ಲೂ ಇಲ್ಲ, ಯಾವ ಕೀಬೋರ್ಡಿನಲ್ಲೂ ಇಲ್ಲ. ನನ್ನ ಕಿವಿ ಪಕ್ಕದ ಬಂದೇನವಾಜನನ್ನು ಬಿಟ್ಟು, ಕಾಲ ಬುಡದಲ್ಲಿ ಜೋರಾಗಿ ಮೊರೆಯುತ್ತಿದ್ದ ಡಬ್ಬಿಯನ್ನು ಹಿಡಿದಿತ್ತು. ಅಂದರೆ ಹೆಚ್ಚುಕಡಿಮೆ ಒಂದು ವರ್ಷ ನಾನು ಪ್ರತಿ ವೇದಿಕೆಯ ಮೇಲೆ, ಕಣ್ಣು ಮುಚ್ಚಿ, ಉಸ್ತಾದನ ಠೀವಿಯಲ್ಲಿ, ಶ್ರುತಿ ಬಿಟ್ಟು ಅಪ್ಪಟ ಬೇಸೂರ ಬಾರಿಸಿದ್ದೆ. ಧಾರವಾಡದ ಕಿವಿ ಇಲ್ಲದವನಾಗಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಆಯಿಯ ಮೇಲೆ ರೇಗಿದೆ. ಅವಳು ಮೊರವನ್ನು ಒಮ್ಮೆ ಅಲ್ಲಾಡಿಸಿದಳು.

“ನನಗ ತಂಬೂರಿ ಮಾಡ್ಯಾನ ಅಂತ ತಿಳಕೊಂಡಿದ್ದೆ,” ಎಂದಳು. “ಬಾಯಿಬಿಟ್ಟು ಹೇಳಲಿಕ್ಕೆ ನಾಚತಾನ ಅಂತ ನಾನೂ ಸುಮ್ಮನಿದ್ದೆ. ಪಂಚಮ ಎಷ್ಟ ಛಂದ ಕೇಳತಿತ್ತು ಅದರಾಗ.”

ಮೊರ ಹಿಡಿದು ಒಳಗೆ ಹೋದಳು. ಆ ಸಂಜೆ ಅವಳು ಹಾಡಲಿಲ್ಲ. ಸದ್ದು ಅಡಗಿಸಿದ ಸಂತೋಷ ನನಗೂ ಆಗಲಿಲ್ಲ. ಅವಳು ಬಾಗಿಲು ತೆರೆದು ತೆರೆದು ಕೇಳುತ್ತಿದ್ದದ್ದನ್ನು ನಾನು ಮುಚ್ಚುತ್ತಿದ್ದೆನಲ್ಲ.

ಗಣಪತಿ ಹಬ್ಬ ಬಂತು. ಹುಬ್ಬಳ್ಳಿಯ ಒಂದು ದೊಡ್ಡ ಮಂಡಳಿಯ ಪೆಂಡಾಲಿನಲ್ಲಿ ಮೊದಲ ಕಾರ್ಯಕ್ರಮ. ಜನ ರಸ್ತೆಯವರೆಗೂ ಕುಳಿತಿದ್ದರು. ಎಡಬದಿಯಲ್ಲಿ ನನ್ನ ಕಬ್ಬಿಣದ ಕುರ್ಚಿ ಇತ್ತು, ಇನ್ನೂ ಇತ್ತು. ಬಲಬದಿಯಲ್ಲಿ ಬಂದೇನವಾಜ, ಕೀಬೋರ್ಡಿನ ಮೇಲೆ ಹೊದಿಸಿದ ಟವೆಲ್ ತೆಗೆಯುತ್ತಿದ್ದ. ಬಾಯಾರು ಆರಾಮ? ಆರಾಮ. ಡಬ್ಬಿ ಹಚ್ಚಿದೆ. ಸದ್ದಿಲ್ಲ. ಅವನು ತಲೆಯೆತ್ತಿ ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಟವೆಲ್ ಮಡಿಚಿಟ್ಟ. ಸದ್ದು ಹೋದರೂ ಅವನ ಮುಖ ಅರಳದ್ದನ್ನು ಕಂಡು ನನಗೆ ದಿಗಿಲಾಯಿತು. ಕುರ್ಚಿ ಹೋಯಿತೆಂದೇ ಅಂದುಕೊಂಡೆ.

ಗಾಯಕಿ ಇಂದು ಮೈಕಿನ ಮುಂದೆ ನಿಂತಳು. ಮಂಡಳಿಯವರು ಶುರು ಮಾಡಿ ಎಂದು ಕೈ ಮಾಡಿದರು. ನನ್ನ ಆರೂ ತಂತಿಗಳು ಬಸ್ಸಿನಲ್ಲಿ ಕುಲುಕಿ ದಿಕ್ಕಾಪಾಲಾಗಿದ್ದವು. ಸುತ್ತ ಮೊರೆಯುವಂಥದ್ದು ಏನೂ ಇಲ್ಲ. ಕದಿಯಲು ಹಾರ್ಮೋನಿಯಂ ಇಲ್ಲ, ಕೀಬೋರ್ಡು ಒತ್ತದ ಹೊರತು ಉಸಿರೆತ್ತುವುದಿಲ್ಲ. ತಲೆ ಓರೆ ಮಾಡಿ ಕಣ್ಣು ಮುಚ್ಚುವ ಅಭ್ಯಾಸಬಲದಿಂದ ಒಮ್ಮೆ ಮುಚ್ಚಿಯೂ ನೋಡಿದೆ. ಆಮೇಲೆ ಗಿಟಾರ್ ಕೊರಳಲ್ಲಿ ಹಾಕಿಕೊಂಡೇ ಎದ್ದು, ಅಷ್ಟು ಜನರ ಮುಂದೆ ವೇದಿಕೆ ದಾಟಿ ಅವನ ಹತ್ತಿರ ಹೋದೆ.

“ಭಾಯಿ, ಒಂದು ಸಾ ಕೊಡ್ರಿ,” ಎಂದೆ.

ಬಂದೇನವಾಜ ನನ್ನ ಮುಖವನ್ನೇ ನೋಡಿದ. ಆಮೇಲೆ ಬಿಳಿ ಐದನ್ನು ಒತ್ತಿ ಹಿಡಿದ. ನಾನು ಒಂದೊಂದೇ ತಂತಿಯನ್ನು ಅದಕ್ಕೆ ಕೂಡಿಸತೊಡಗಿದೆ. ಬಹಳ ಹೊತ್ತು ಹಿಡಿಯಿತು. ಜನ ಸೀಟಿ ಹೊಡೆದರು. ಅವನು ಬೆರಳು ಎತ್ತಲಿಲ್ಲ.

“ಆವಾಜ ಅಂದ್ರ ಸೂರ ಅಂದಿದ್ದೆ ನಾ,” ಎಂದ, ನನಗಷ್ಟೇ ಕೇಳುವಂತೆ. “ಬಾಯಾರ ಮಗಗ ಬೇಸೂರ ಅನ್ನಾಕ ನನ್ನ ನಾಲಿಗಿ ಹೊಳ್ಳಲಿಲ್ರಿ.”

ನನ್ನ ಕೈ ತಂತಿಯ ಮೇಲೇ ನಿಂತಿತು. ನಾನು ತೋಡಿದ ಗುಂಡಿ, ಒಣಗಿಸಿದ ತುಳಸಿ, ಮಿಕ್ಸರಿನ ಮುಂದಿನ ಭಾಷಣ ಎಲ್ಲ ಒಂದು ಕ್ಷಣ ಕಣ್ಣಮುಂದೆ ಬಂದವು. ಇವನು ಮರ್ಯಾದೆ ಬಿಟ್ಟು ಒಂದೇ ಒಂದು ಮಾತು ನೇರ ಅಂದಿದ್ದರೆ ಸಾಕಿತ್ತು. ನಾನು ಮರ್ಯಾದೆ ಬಿಟ್ಟು ಒಂದು ಸಾ ಕೇಳಿದ್ದರೂ ಸಾಕಿತ್ತು. ಸಾ ಕೊಟ್ಟದ್ದಕ್ಕೆ ಉಪಕಾರವಾಯಿತು ಎಂದು ಏನೋ ತೊದಲಿದೆ.

“ನಂದೇನೈತ್ರಿ ಇದರಾಗ,” ಎಂದ ಬಂದೇನವಾಜ. “ನಾಕನೇ ಇಯತ್ತೇದಾಗ ಬಾಯಾರು ಕೊಟ್ಟ ಸಾ ಇದು. ನನ್ನ ಧ್ವನಿ ಎಲ್ಲೂ ಕೂಡತಿದ್ದಿಲ್ಲ. ಪಾಠ ಬಿಟ್ಟು, ನಾ ಹಿಡಿಯೋ ಮಟಾ ಹಾರ್ಮೋನಿಯಂ ಪೇಟಿ ಮ್ಯಾಲಿಂದ ಬೆರಳ ತಗೀಲಿಲ್ಲ ಅವರು. ನಿಮ್ಮ ಮನೀದು ನಿಮಗ ಮುಟ್ಟಿಸಿದೆ, ಅಷ್ಟ.”

ಕೊನೆಯ ತಂತಿ ಕೂಡುವವರೆಗೂ ಅವನ ಬೆರಳು ಆ ಬಿಳಿ ಮನೆಯ ಮೇಲೇ ಇತ್ತು. ನಾನು ಹೋಗಿ ಕುರ್ಚಿಯ ಮೇಲೆ ಕುಳಿತೆ. ಅಂದು ನಾನು ಅದ್ಭುತವಾಗಿ ಬಾರಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಕಣ್ಣು ಮಂಜಾಗಿ ಎರಡು ಕಡೆ ತಪ್ಪಿದೆ. ಆದರೆ ಆ ತಪ್ಪುಗಳೂ ಶ್ರುತಿಗೆ ಕೂಡಿದ್ದವು. ಕೀಬೋರ್ಡಿನ ಗಿಟಾರಿನ ಗುಂಡಿಯನ್ನು ಅವನು ಮುಟ್ಟಲಿಲ್ಲ. ಮುಗಿದ ಮೇಲೆ ವೈರು ಸುತ್ತುವಾಗ ಬಂದು, ನಾಳೆ ಘಂಟಿಕೇರಿಯಲ್ಲಿ ಕಾರ್ಯಕ್ರಮವಿದೆ, ಒಂದು ತಾಸು ಮೊದಲೇ ಬನ್ನಿ ಎಂದ.

ಮನೆಗೆ ಬಂದು ಆಯಿಗೆ ಎಲ್ಲ ಹೇಳಿದೆ. ಬಂದೇನವಾಜ ಎಂಬ ಹುಡುಗ ಅವಳಿಗೆ ನೆನಪಿರಲಿಲ್ಲ. ಎಷ್ಟೋ ಹುಡುಗರಿಗೆ ಸಾ ಹಚ್ಚಿಕೊಟ್ಟಿದ್ದೇನೆ, ಯಾರೆಂದು ನೆನಪಿಡಲಿ ಎಂದಳು. ಅವನು ಯಾವ ಸಾ ಕೊಟ್ಟ ಎಂದು ಮಾತ್ರ ಕೇಳಿದಳು. ಬಿಳಿ ಐದು ಎಂದೆ. ಒಪ್ಪಿಗೆಯಾದಂತೆ ತಲೆಯಾಡಿಸಿದಳು.

ಮರುದಿನ ಘಂಟಿಕೇರಿಗೆ ಹೊರಡುವ ಮುನ್ನ ಇನ್ನೊಂದು ಸ್ಟೀಲ್ ಡಬ್ಬಿ ತಂದೆ. ಒಂದು ಹಳೆಯ ಟ್ರಾನ್ಸ್‌ಫಾರ್ಮರನ್ನು ಚಟ್ನಿಯ ಖಾನೆಯಲ್ಲಿ ಕೂರಿಸಿ, ತಂತಿಗಳನ್ನು ಅದಕ್ಕೆ ಒತ್ತಿಯೇ ಎಳೆದು, ಒಂದು ಸಣ್ಣ ಸ್ಪೀಕರ್ ಜೋಡಿಸಿದೆ. ಒಂದು ವರ್ಷ ಬೇಡವೆಂದರೂ ಬಿಡದ ಸದ್ದು, ಬೇಕೆಂದಾಗ ಬರಲೊಲ್ಲದು. ನನ್ನ ಹಳೆಯ ತಪ್ಪುಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡು ಮತ್ತೆ ಮಾಡಿದ ಮೇಲೆ ಅದು ‘ಗುಂಯ್’ ಎಂದಿತು. ಡಬ್ಬಿಯನ್ನು ಒಯ್ದು ಆಯಿಯ ಮಂಚದ ಪಕ್ಕ, ಗವಸು ಹೊದ್ದ ತಂಬೂರಿಯ ಹತ್ತಿರ ಇಟ್ಟೆ. ಇದು ನಿನಗೇ ಮಾಡಿದ್ದು ಎಂದು ಈ ಸಲ ಬಾಯಿಬಿಟ್ಟು ಹೇಳಿದೆ.

ಆಯಿ ಕಣ್ಣು ಮುಚ್ಚಿ, ತಲೆ ಸ್ವಲ್ಪ ಓರೆ ಮಾಡಿ ಕೇಳಿದಳು. ನಾನು ಆ ಭಂಗಿ ಎಲ್ಲಿಂದ ಕದ್ದಿದ್ದೆ ಎಂಬುದು ಆಗ ಗೊತ್ತಾಯಿತು.

“ಸಾ ಅಲ್ಲೇ ಅದ,” ಎಂದಳು. “ಬಾಗಲಾ ತೆಗದಿಟ್ಟು ಹೋಗು.”

ತೆರೆದಿಟ್ಟು ಹೊರಟೆ. ಸ್ಕೂಟರ್ ಚಾಲೂ ಮಾಡಿದರೆ ಹಾಡು ಕೇಳುವುದಿಲ್ಲವೆಂದು ಓಣಿಯ ತಿರುವಿನವರೆಗೆ ತಳ್ಳಿಕೊಂಡೇ ಹೋದೆ.